ಮಚ್ಚೆ ಬಿದ್ದ ತೋತಾಪುರಿ, ಹಳೇ ರೇಷ್ಮೆ ಮನೆ ಮತ್ತು ನಾವು ಕಟ್ಟಿದ ಡ್ರೈಯರ್

2025ರ ಜೂನ್ ತಿಂಗಳನ್ನು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತ ಮಾವು ಬೆಳೆಯುವ ಯಾರೂ ಮರೆಯುವುದಿಲ್ಲ. ತೋತಾಪುರಿ ಕೊಯ್ಲಿನ ಹೊತ್ತಿಗೆ ಸರಿಯಾಗಿ ಪಕ್ಕದ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಒಳಗೆ ಬರದಂತೆ ತಡೆಯಿತು. ತೋತಾಪುರಿ, ಅಂದರೆ ನಮ್ಮ ಗಿಣಿಮೂತಿ ಹಣ್ಣಿನ ದೊಡ್ಡ ಪಾಲು ಹೋಗುತ್ತಿದ್ದದ್ದೇ ಅಲ್ಲಿನ ತಿರುಳಿನ ಫ್ಯಾಕ್ಟರಿಗಳಿಗೆ. ಲಾರಿಗಳು ನಿಂತವು, ಮಂಡಿಯಲ್ಲಿ ರಾಶಿ ಏರಿತು, ಬೆಲೆ ನೆಲ ಕಚ್ಚಿತು. ಆಮೇಲೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ಗೊತ್ತು ಮಾಡಿ, 2.5 ಲಕ್ಷ ಟನ್‌ವರೆಗೆ ನೆರವು ಕೊಡಲು ಒಪ್ಪಿತು.

ಆದರೆ ಮಂಡಿಯವರೆಗೂ ಹೋಗದ ಹಣ್ಣು ಇದೆಯಲ್ಲ, ಅದಕ್ಕೆ ಯಾವ ದರವೂ ಇಲ್ಲ. ಆಲಿಕಲ್ಲು ಬಿದ್ದು ಗಾಯ ಒಣಗಿದ್ದು, ಸೊನೆ ಹರಿದು ಸಿಪ್ಪೆ ಕಪ್ಪಾದದ್ದು, ಕೊಂಬೆಗೆ ಉಜ್ಜಿ ಕಂದು ಗೆರೆ ಬಿದ್ದದ್ದು, ಚಿಬ್ಬು ರೋಗದ ಚುಕ್ಕೆ ಇರುವುದು, ಸೈಜಿಗೆ ಬಾರದ್ದು. ಒಳ್ಳೆ ವರ್ಷದಲ್ಲೂ ಇದನ್ನು ಬದಿಗೆ ಹಾಕುತ್ತಾರೆ. ಆ ವರ್ಷವಂತೂ ಪಕ್ಕದ ತೋಟದ ಅಣ್ಣ ಒಂದು ಟ್ರಾಕ್ಟರ್ ಟ್ರೈಲರ್ ತುಂಬ ತಂದು ಹಳ್ಳದ ಪಕ್ಕದ ಗುಂಡಿಗೆ ಸುರಿದರು. ನಾನು ಅಲ್ಲೇ ನಿಂತಿದ್ದೆ. ಕೈಗೆ ಸಿಕ್ಕ ಹತ್ತು ಹಣ್ಣು ಎತ್ತಿಕೊಂಡು ಮನೆಗೆ ಬಂದು ಕೊಯ್ದು ನೋಡಿದೆ. ಏಳರಲ್ಲಿ ತಿರುಳು ಚೊಕ್ಕ. ಎರಡರಲ್ಲಿ ಒಂದು ಮೂಲೆ ಮಾತ್ರ ಕೆಟ್ಟಿತ್ತು. ಒಂದರಲ್ಲಿ ಊಜಿ ನೊಣದ, ಅಂದರೆ ಹಣ್ಣಿನ ನೊಣದ, ಹುಳ ಇತ್ತು.

ನಮ್ಮತ್ತೆ ಅದನ್ನು ನೋಡಿ, "ಇದರಲ್ಲಿ ತಾಂಡ್ರ ಹಾಕಬಹುದಲ್ಲಮ್ಮ, ಸುಮ್ನೆ ಯಾಕೆ ಮಣ್ಣಿಗೆ ಹಾಕ್ತಾರೆ?" ಅಂದರು. ಅತ್ತೆಯ ತವರು ಮದನಪಲ್ಲಿ ಕಡೆ. ಮಾವಿನ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಸುರಿದು ಬಿಸಿಲಲ್ಲಿ ಒಣಗಿಸುವುದು ಅವರಿಗೆ ಚಿಕ್ಕಂದಿನಿಂದ ಗೊತ್ತು. ಇದನ್ನೇ ದಕ್ಷಿಣ ಕನ್ನಡದವರು ಮಾಂಬಳ ಅನ್ನುತ್ತಾರೆ. ಕೆಲಸ ಶುರುವಾದದ್ದು ಆ ಒಂದು ಮಾತಿನಿಂದ. ಅಲ್ಲಿಂದ ಇಲ್ಲಿಯವರೆಗೆ ಏನು ಕಟ್ಟಿದೆವು, ಏನು ಕೆಟ್ಟಿತು, ಹೇಗೆ ಸರಿಮಾಡಿದೆವು ಎಂದು ಬರೆದಿಡುತ್ತಿದ್ದೇನೆ. ಇದೇ ದಾರಿಯಲ್ಲಿ ಹೊರಟವರಿಗೆ ಒಂದೆರಡು ತಿಂಗಳಾದರೂ ಉಳಿಯಲಿ.

ಬೀರುವಿನ ಡ್ರೈಯರ್

ಬಿಸಿಲಿಗೆ ಹಾಕಿದ ಮೊದಲ ಮೂರು ಚಾಪೆ ಕೆಟ್ಟವು. ಜೂನ್‌ನಲ್ಲಿ ನಮ್ಮ ಕಡೆ ಮಳೆ ಜಾಸ್ತಿ ಇಲ್ಲ, ಆದರೆ ಮೋಡ ಮತ್ತು ಗಾಳಿ ಇದೆ. ಧೂಳು ಹಾರಿ ಬಂದು ಕೂರುತ್ತದೆ, ನೊಣ ಮುತ್ತುತ್ತದೆ. ಎರಡನೇ ದಿನಕ್ಕೆ ರಸ ಹುಳಿ ವಾಸನೆ ಹೊಡೆಯಿತು. ಹೀಗೆ ಮಾಡಿದ್ದನ್ನು ಬೇರೆಯವರ ಮಕ್ಕಳಿಗೆ ಮಾರುವುದಕ್ಕೆ ನನಗೆ ಮನಸ್ಸಿಲ್ಲ. ಹಾಗಾಗಿ ಡ್ರೈಯರ್ ಬೇಕೇ ಬೇಕು ಎಂದಾಯಿತು.

ಗುಜರಿಯಲ್ಲಿ ಒಂದು ಹಳೇ ಕಬ್ಬಿಣದ ಬೀರು ಸಿಕ್ಕಿತು. ಕೆಳಗೆ 2 ಕಿಲೋವ್ಯಾಟ್ ಕಾಯಿಲ್, ಮೇಲೆ ಎಕ್ಸಾಸ್ಟ್ ಫ್ಯಾನ್, ನಡುವೆ ಸ್ಟೀಲ್ ತಟ್ಟೆಗಳು. ಎರಡು ದಿನದಲ್ಲಿ ತಯಾರಾಯಿತು. ಒಂದು ವಾರದಲ್ಲೇ ಅದನ್ನು ಬಿಟ್ಟೆವು. ಕಾರಣ ಮೂರು. ಒಂದು, ಬಿಸಿಯಾದಾಗ ಬೀರುವಿನ ಹಳೇ ಬಣ್ಣದ ವಾಸನೆ ತಾಂಡ್ರಕ್ಕೆ ಹಿಡಿಯಿತು. ಇದೊಂದೇ ಸಾಕು ಅದನ್ನು ಬಿಡಲು. ಆಹಾರ ಮುಟ್ಟುವ ಬಿಸಿಗಾಳಿ ಬಣ್ಣ ಬಳಿದ ತಗಡನ್ನು ಮುಟ್ಟಲೇಬಾರದು. ಎರಡು, ಕೆಳಗಿನ ತಟ್ಟೆ ಸುಟ್ಟು ಕಪ್ಪಾಗುತ್ತಿತ್ತು, ಮೇಲಿನದು ಹಸಿಯಾಗಿಯೇ ಇರುತ್ತಿತ್ತು. ಮೂರು, ಫ್ಯಾನಿನ ಮೋಟರ್ ಬಿಸಿ ಗಾಳಿಯ ದಾರಿಯಲ್ಲೇ ಇದ್ದದ್ದರಿಂದ ಸುಟ್ಟುಹೋಯಿತು. ಮನೆಯ ಎಕ್ಸಾಸ್ಟ್ ಫ್ಯಾನ್ ಮಾಡಿರುವುದು ಹಗಲೂ ರಾತ್ರಿ 60 ಡಿಗ್ರಿಯಲ್ಲಿ ತಿರುಗಲಿ ಎಂದಲ್ಲ.

ಆ ವಾರ ಹಣ್ಣು ಮಾತ್ರ ಬರುತ್ತಲೇ ಇತ್ತು. ಸುದ್ದಿ ತಿಳಿದ ಅಕ್ಕಪಕ್ಕದವರು ಕ್ರೇಟ್‌ಗಟ್ಟಲೆ ತಂದು ಇಳಿಸಿದರು. ಗಾಯವಾದ ಹಣ್ಣು ಒಳ್ಳೆ ಹಣ್ಣಿನಂತೆ ನಾಲ್ಕು ದಿನ ಕಾಯುವುದಿಲ್ಲ. ಬೆಳಿಗ್ಗೆ ಚುಕ್ಕೆ ಇದ್ದದ್ದು ಸಂಜೆಗೆ ಕಾಸಿನಗಲ ಆಗಿರುತ್ತದೆ. ನಮ್ಮ ಕಣ್ಣೆದುರೇ ಸುಮಾರು 90 ಕೆಜಿ ಕೊಳೆಯಿತು. ಹಣ್ಣನ್ನು ಗುಂಡಿಯಿಂದ ತಪ್ಪಿಸುತ್ತೇವೆ ಎಂದು ಹೊರಟವರ ಅಂಗಳದಲ್ಲೇ ಅದು ಕೊಳೆತದ್ದು ನನಗೆ ತುಂಬಾ ಬೇಜಾರಾಯಿತು.

ಮೊದಲು ಫ್ರೀಜರ್

ಆಗ ಅರ್ಥವಾದದ್ದು ಇದು. ಡ್ರೈಯರ್ ಎಷ್ಟೇ ದೊಡ್ಡದಿದ್ದರೂ ಮಾವಿನ ಸುಗ್ಗಿಗೆ ಅದು ಸಾಲದು. ಹಣ್ಣು ಆರೇಳು ವಾರದಲ್ಲಿ ಬಂದು ಮುಗಿಯುತ್ತದೆ. ಒಣಗಿಸುವ ಕೆಲಸ ವರ್ಷವಿಡೀ ಮಾಡಬಹುದು, ಆದರೆ ತಿರುಳು ತೆಗೆಯುವ ಕೆಲಸ ಆ ದಿನವೇ ಆಗಬೇಕು. ಅಂದರೆ ಮೊದಲು ಬೇಕಾದದ್ದು ತಿರುಳನ್ನು ಕೆಡದಂತೆ ಇಡುವ ಜಾಗ.

ಕೈಯಲ್ಲಿದ್ದ ದುಡ್ಡಿಗೆ 500 ಲೀಟರ್‌ನ ಚೆಸ್ಟ್ ಫ್ರೀಜರ್ ತಂದೆವು. ಕೊಯ್ದು, ಸಿಪ್ಪೆ ಓಟೆ ತೆಗೆದು, ಅರೆದು, 85 ಡಿಗ್ರಿಗೆ ಬಿಸಿ ಮಾಡಿ ಐದು ನಿಮಿಷ ಇಟ್ಟು, ತಣಿಸಿ, 2 ಕೆಜಿಯ ದಪ್ಪ ಕವರುಗಳಲ್ಲಿ ತುಂಬಿ, ಚಪ್ಪಟೆಯಾಗಿ ಮಲಗಿಸಿದೆವು. ಚಪ್ಪಟೆ ಮಾಡಿದರೆ ಬೇಗ ಗಟ್ಟಿಯಾಗುತ್ತದೆ. ಉಂಡೆಯಂತೆ ತುಂಬಿದರೆ ಹೊರಗೆ ಮಂಜು, ಒಳಗೆ ರಸ. ದಿನಕ್ಕೆ 30 ಕೆಜಿಗಿಂತ ಜಾಸ್ತಿ ಇಟ್ಟರೆ ಫ್ರೀಜರ್ ಎಳೆಯಲಾರದು, ಮೊದಲೇ ಗಟ್ಟಿಯಾಗಿದ್ದ ಕವರು ಕೂಡ ಬೆವರುತ್ತದೆ. ತುಂಬಿದ ಮೇಲೆ ಮಾತ್ರ ಅದು ನೆಚ್ಚಿಕೊಳ್ಳಬಹುದಾದ ಪೆಟ್ಟಿಗೆ. ಒಂದು ರಾತ್ರಿ ಪೂರ್ತಿ ಕರೆಂಟ್ ಇಲ್ಲದಿದ್ದರೂ ಮುಚ್ಚಳ ತೆಗೆಯದೆ ಬಿಟ್ಟರೆ ಏನೂ ಆಗಲಿಲ್ಲ.

ಜುಲೈ ಕೊನೆಗೆ, ನೀಲಂ ಮಾವು ಮುಗಿಯುವ ಹೊತ್ತಿಗೆ, ಒಳಗೆ 180 ಕೆಜಿ ತಿರುಳು ಸೇರಿತ್ತು. ಮುಂದಿನ ಎಲ್ಲಾ ಪ್ರಯೋಗಕ್ಕೂ ಅದೇ ಸಾಮಾನು. ಆ ತಿರುಳು ಇಲ್ಲದಿದ್ದರೆ ನಾವು ಮತ್ತೆ ಒಂದು ವರ್ಷ ಕಾಯಬೇಕಿತ್ತು.

ವಿಂಗಡಿಸುವ ಮೇಜು

ನಮ್ಮ ಇಡೀ ಘಟಕದಲ್ಲಿ ಅತಿ ಮುಖ್ಯವಾದದ್ದು ಒಂದು ಸ್ಟೀಲ್ ಮೇಜು, ಅದರ ಮೇಲೊಂದು ಟ್ಯೂಬ್‌ಲೈಟ್. ಮಚ್ಚೆ ಇರುವ ಹಣ್ಣು ಬೇರೆ, ಕೊಳೆತ ಹಣ್ಣು ಬೇರೆ. ಈ ಎರಡರ ನಡುವಿನ ಗೆರೆಯನ್ನು ಒಂದು ದಿನ ಸಡಿಲ ಬಿಟ್ಟರೂ ಈ ವ್ಯಾಪಾರ ಮಾಡಬಾರದು.

ಹಣ್ಣನ್ನು ಮೊದಲು ಇಡಿಯಾಗಿ ತೊಳೆಯುತ್ತೇವೆ. ಆಮೇಲೆ ಪ್ರತಿ ಹಣ್ಣನ್ನೂ ಕೊಯ್ದು ನೋಡುತ್ತೇವೆ. ಹೊರಗಿನಿಂದ ನೋಡಿ ತೀರ್ಮಾನ ಇಲ್ಲ. ಆಲಿಕಲ್ಲಿನ ಗಾಯ ಒಣಗಿ ತೊಗಟೆಯಂತಾಗಿದ್ದರೆ ಒಳಗೆ ಏನೂ ಆಗಿರುವುದಿಲ್ಲ. ಸೊನೆಯ ಕಲೆ ಬರೀ ಸಿಪ್ಪೆಗೆ. ಚಿಬ್ಬು ಸಿಪ್ಪೆಯಲ್ಲೇ ನಿಂತಿದ್ದರೆ ಸುತ್ತ ಒಂದು ಬೆರಳು ಅಗಲ ತೆಗೆದು ಉಳಿದದ್ದನ್ನು ಬಳಸುತ್ತೇವೆ. ತಿರುಳು ನೀರಾಗಿದ್ದರೆ, ಹೆಂಡದ ವಾಸನೆ ಇದ್ದರೆ, ಹುಳ ಒಂದೇ ಒಂದು ಇದ್ದರೂ, ಹಣ್ಣು ಪೂರ್ತಿ ಆಚೆಗೆ.

ಊಜಿ ಹಣ್ಣನ್ನು ತಿಪ್ಪೆಗೆ ಹಾಕುವುದಿಲ್ಲ. ಹುಳ ಹಣ್ಣಿನಿಂದ ಇಳಿದು ಮಣ್ಣಿನಲ್ಲಿ ಕೋಶವಾಗಿ, ಮತ್ತೆ ನೊಣವಾಗಿ ಎದ್ದು ಬರುತ್ತದೆ. ಅದಕ್ಕೇ ಮುಚ್ಚಳದ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಮೂರು ಅಡಿ ಆಳಕ್ಕೆ ಹೂಳುತ್ತೇವೆ. ಬಿದ್ದ ಹಣ್ಣನ್ನು ತೋಟದಿಂದ ದಿನವೂ ಆರಿಸುವುದರಿಂದ ನೊಣ ಹುಟ್ಟುವ ಜಾಗವೂ ಕಮ್ಮಿಯಾಗುತ್ತದೆ. ಮೀಥೈಲ್ ಯೂಜಿನಾಲ್ ಹಾಕಿದ ಬಲೆ ಡಬ್ಬಿ ಮರಕ್ಕೆ ಕಟ್ಟಿದರೆ ಗಂಡು ನೊಣ ಬಂದು ಸಾಯುತ್ತದೆ, ಆದರೆ ಬಿದ್ದ ಹಣ್ಣನ್ನು ಹಾಗೇ ಬಿಟ್ಟರೆ ಬಲೆ ಒಂದರಿಂದ ಆಗುವ ಕೆಲಸ ಅದಲ್ಲ. ಹಣ್ಣು ಕೊಡುವ ಪ್ರತಿಯೊಬ್ಬರಿಗೂ ಈ ಮಾತು ಹೇಳುತ್ತೇನೆ.

ಅರೆಯುವುದಕ್ಕೆ ಮೊದಲು ಮನೆಯ ಮಿಕ್ಸಿ, ಆಮೇಲೆ ಕೈ ಬದಲಿಸಿ ಬಂದ 1 ಎಚ್‌ಪಿ ಪಲ್ಪರ್. ಓಟೆ ತೆಗೆಯದೆ ಹಾಕಿದರೆ ಅದರ ಚೂರು ಸೇರಿ ಒಗರು ಬರುತ್ತದೆ. ಸೊನೆ ತಾಗಿ ಕೈ ಸುಡುವುದರಿಂದ ಕೊಯ್ಯುವವರಿಗೆ ಕೈಗವಸು ಕಡ್ಡಾಯ.

ರೇಷ್ಮೆ ಮನೆ

ನಮ್ಮ ಮಾವ ರೇಷ್ಮೆ ಬಿಟ್ಟು ಎಂಟು ವರ್ಷವಾಗಿತ್ತು. ಹುಳ ಸಾಕುತ್ತಿದ್ದ ಮನೆ ಖಾಲಿ. 30 ಅಡಿ ಉದ್ದ, 18 ಅಡಿ ಅಗಲ, ಎತ್ತರದ ಸೂರು, ಎರಡು ಕಡೆ ಕಿಟಕಿ, ಗಾಳಿ ಬೆಳಕು ಚೆನ್ನಾಗಿದೆ. ಒಂದೇ ಭಯ: ಹುಳದ ಮನೆಯಲ್ಲಿ ವರ್ಷಗಟ್ಟಲೆ ಫಾರ್ಮಲಿನ್, ಬ್ಲೀಚಿಂಗ್ ಪುಡಿ ಹೊಡೆದಿರುತ್ತಾರೆ. ಹಾಗಾಗಿ ಹಳೇ ಬಿದಿರಿನ ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ, ಮರದ ಸ್ಟ್ಯಾಂಡ್ ಯಾವುದನ್ನೂ ಉಳಿಸಿಕೊಳ್ಳಲಿಲ್ಲ. ಗೋಡೆಯ ಹಳೇ ಗಾರೆ ಕೆರೆಸಿ ಹೊಸದಾಗಿ ಮೆತ್ತಿಸಿ, ಐದು ಅಡಿವರೆಗೆ ಟೈಲ್ಸ್ ಹಾಕಿಸಿದೆವು. ನೆಲಕ್ಕೆ ಇಳಿಜಾರು ಕೊಟ್ಟು ಮೋರಿ ತೋಡಿಸಿದೆವು. ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ ಮೊದಲೇ ಇತ್ತು, ಏಕೆಂದರೆ ರೇಷ್ಮೆಗೂ ಊಜಿ ಎಂಬ ಬೇರೆ ಜಾತಿಯ ನೊಣದ ಕಾಟ ಇದೆ. ಅದೊಂದು ಖರ್ಚು ಉಳಿಯಿತು.

ಎರಡನೇ ಡ್ರೈಯರ್

ಆಗಸ್ಟ್‌ನಲ್ಲಿ ಚಿಂತಾಮಣಿಯ ಒಬ್ಬ ವೆಲ್ಡರ್ ಜೊತೆ ಕೂತು ಹೊಸದಾಗಿ ಗೆರೆ ಹಾಕಿದೆ. ಈ ಸಲ ಮೊದಲು ಲೆಕ್ಕ.

ಒಂದು ಟ್ರೇ 32 ಇಂಚು ಉದ್ದ, 16 ಇಂಚು ಅಗಲ. ಅದರಲ್ಲಿ 2 ಕೆಜಿ ತಿರುಳು ಸುರಿದರೆ ಸುಮಾರು 6 ಮಿಲಿಮೀಟರ್ ದಪ್ಪ ನಿಲ್ಲುತ್ತದೆ. 12 ಟ್ರೇಗೆ 24 ಕೆಜಿ. ಅದರಿಂದ ಸುಮಾರು 19 ಕೆಜಿ ನೀರು ಆವಿಯಾಗಬೇಕು. ಒಂದು ಕೆಜಿ ನೀರು ಆವಿಯಾಗಲು ಹತ್ತಿರ ಹತ್ತಿರ 0.65 ಯೂನಿಟ್ ಶಕ್ತಿ ಬೇಕು, ಅದು ಪ್ರಕೃತಿಯ ಲೆಕ್ಕ, ಅದರಲ್ಲಿ ಚೌಕಾಸಿ ಇಲ್ಲ. ಅಂದರೆ 12 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಆದರೆ ಬಿಸಿ ಗಾಳಿ ಹೊರಗೆ ಹೋಗುತ್ತದೆ, ಗೋಡೆಯಿಂದ ಬಿಸಿ ಸೋರುತ್ತದೆ. ಇಂಥ ಚಿಕ್ಕ ಡ್ರೈಯರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಪೋಲಾಗುತ್ತದೆ ಎಂದು ಇಟ್ಟುಕೊಂಡು 28ರಿಂದ 30 ಯೂನಿಟ್ ಅಂದುಕೊಂಡೆವು. ಹಾಗಾಗಿ 3 ಕಿಲೋವ್ಯಾಟ್ ಕಾಯಿಲ್. ಮನೆಯ ಸಿಂಗಲ್ ಫೇಸ್ ಲೈನಿನಲ್ಲೂ ಓಡುತ್ತದೆ. ತ್ರೀ ಫೇಸ್ ನಮ್ಮಲ್ಲಿ ಹೊತ್ತಿನ ಲೆಕ್ಕದಲ್ಲಿ ಬರುವುದರಿಂದ ಅದನ್ನು ನಂಬುವ ಹಾಗಿರಲಿಲ್ಲ.

ಒಳಗಿನ ಗೋಡೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, 22 ಗೇಜ್. ಹೊರಗೆ ಜಿಐ ಶೀಟ್. ನಡುವೆ ಬಿಸಿ ಸೋರದಂತೆ 50 ಮಿಲಿಮೀಟರ್ ರಾಕ್‌ವೂಲ್. ಥರ್ಮೋಕೋಲ್ ಅಗ್ಗ ಎಂದು ಹೇಳಿದವರಿದ್ದಾರೆ, ಆದರೆ ಕಾಯಿಲ್ ಹತ್ತಿರ ಅದು ಕರಗುತ್ತದೆ, ಬೆಂಕಿಯೂ ಹಿಡಿಯಬಹುದು. ಬೇಡ. ಫ್ಯಾನಿನ ಎಲೆ ಮಾತ್ರ ಒಳಗೆ, ಮೋಟರ್ ಹೊರಗೆ, ನಡುವೆ ಉದ್ದನೆಯ ಶಾಫ್ಟ್. ಬೀರು ಕಲಿಸಿದ ಪಾಠ ಅದು. ಬಿಸಿ ಅಳೆದು ತಾನೇ ಹಿಡಿದಿಡುವ ಪಿಐಡಿ ಕಂಟ್ರೋಲರ್ ಒಂದು. ಅದರ ಜೊತೆ ತೊಂಬತ್ತು ಡಿಗ್ರಿಯಲ್ಲಿ ಕಾಯಿಲ್‌ಗೆ ಕರೆಂಟ್ ಕಡಿದುಹಾಕುವ ಬೇರೆ ಥರ್ಮೋಸ್ಟ್ಯಾಟ್ ಒಂದು. ಕಂಟ್ರೋಲರ್ ಕೈಕೊಟ್ಟರೆ ಕಾಪಾಡಲು. ರಾತ್ರಿ ಓಡುವ ಯಂತ್ರಕ್ಕೆ ಈ ಎರಡನೇ ಕಾವಲು ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅರ್ಥಿಂಗ್‌ಗೆ ಪ್ರತ್ಯೇಕ ಗುಂಡಿ.

ಟ್ರೇ, ವೆಲ್ಡರ್ ಕೂಲಿ, ಎಲ್ಲಾ ಸೇರಿ 73,000 ರೂಪಾಯಿ ಆಯಿತು.

ಮೊದಲ ಓಟದಲ್ಲೇ ಹಳೇ ತೊಂದರೆ ಬೇರೆ ರೂಪದಲ್ಲಿ ಬಂತು. ಫ್ಯಾನ್ ಎದುರಿನ ನಡುವಿನ ಟ್ರೇಗಳು ಹತ್ತು ಗಂಟೆಗೇ ಒಣಗಿದವು, ಮೇಲಿನ ಎರಡು ಮತ್ತು ತಳದ ಮೂರು ಹದಿನೆಂಟು ಗಂಟೆಯಾದರೂ ಅಂಟಂಟು. ಗಾಳಿಗೆ ಹತ್ತಿರದ ದಾರಿ ಸಿಕ್ಕರೆ ದೂರದ ದಾರಿ ಹಿಡಿಯುವುದಿಲ್ಲ. ಊದುಬತ್ತಿ ಹಚ್ಚಿ ಪ್ರತಿ ಟ್ರೇ ಮುಂದೆ ಹಿಡಿದು ಹೊಗೆ ಹೇಗೆ ಹೋಗುತ್ತದೆ ನೋಡಿದೆವು. ನಡುವೆ ಹೊಗೆ ನೇರವಾಗಿ ಓಡುತ್ತಿತ್ತು, ತಳದಲ್ಲಿ ನಿಂತಲ್ಲೇ ಸುತ್ತುತ್ತಿತ್ತು.

ಫ್ಯಾನ್ ಮತ್ತು ಟ್ರೇಗಳ ನಡುವೆ ಒಂದು ತೂತಿನ ತಗಡು ನಿಲ್ಲಿಸಿದೆವು. ನಡುಭಾಗದಲ್ಲಿ ತೂತು ಕಮ್ಮಿ, ಮೇಲೆ ಕೆಳಗೆ ಜಾಸ್ತಿ. ಮೂರು ಸಲ ತೂತು ಬದಲಿಸಿದೆವು: ಮುಚ್ಚಲು ಅಲ್ಯೂಮಿನಿಯಂ ಟೇಪ್, ತೆರೆಯಲು ಡ್ರಿಲ್. ನಾಲ್ಕನೇ ಸಲ ಹೊಗೆ ಎಲ್ಲಾ ಟ್ರೇ ಮೇಲೆ ಒಂದೇ ಹದದಲ್ಲಿ ಹರಿಯಿತು. ಆದರೂ ಆರು ಗಂಟೆಗೊಮ್ಮೆ ಟ್ರೇಗಳನ್ನು ಮೇಲಿಂದ ಕೆಳಗೆ ಬದಲಿಸುತ್ತೇವೆ, ತಿರುಗಿಸಿಯೂ ಇಡುತ್ತೇವೆ. ಈಗ ಎಲ್ಲಾ ಟ್ರೇ 12ರಿಂದ 14 ಗಂಟೆಯೊಳಗೆ ಮುಗಿಯುತ್ತವೆ.

ಮತ್ತೊಂದು ಚಿಕ್ಕ ವಿಷಯ. ಹೊರಗೆ ಗಾಳಿ ಬಿಡುವ ಬಾಗಿಲನ್ನು ಮೊದಲ ನಾಲ್ಕು ಗಂಟೆ ಪೂರ್ತಿ ತೆರೆದಿಡಬೇಕು. ಆಗ ಹೊರಬರುವುದು ಹೆಚ್ಚೂಕಮ್ಮಿ ಹಬೆಯೇ. ಕರೆಂಟ್ ಉಳಿಸಲು ಮುಚ್ಚಿದರೆ ಒಳಗೆ ಸೆಕೆ ತುಂಬಿ ಏನೂ ಒಣಗುವುದಿಲ್ಲ. ಆಮೇಲೆ ಕಾಲು ಭಾಗ ತೆರೆದಿದ್ದರೆ ಸಾಕು.

ಹದ ಹಿಡಿದದ್ದು

ಸೆಪ್ಟೆಂಬರ್‌ನಲ್ಲಿ ಒಂದು ದೊಡ್ಡ ತಪ್ಪು ಮಾಡಿದೆವು. ಬೇಗ ಮುಗಿಯಲಿ ಎಂದು 75 ಡಿಗ್ರಿಗೆ ಇಟ್ಟೆವು. ಒಂಬತ್ತು ಗಂಟೆಯಲ್ಲಿ ತಾಂಡ್ರದ ಹಾಳೆ ಒಣಗಿದ ಹಾಗೆ ಕಂಡಿತು, ಮುಟ್ಟಿದರೆ ಅಂಟಲಿಲ್ಲ. ಖುಷಿಯಿಂದ ಕತ್ತರಿಸಿ ಪ್ಯಾಕ್ ಮಾಡಿ ನೆಂಟರಿಷ್ಟರಿಗೆ ಕೊಟ್ಟೆವು. ಮೂರನೇ ವಾರಕ್ಕೆ ಬೂಷ್ಟು. ಜಾಸ್ತಿ ಬಿಸಿಯಲ್ಲಿ ಮೇಲ್ಪದರ ಬೇಗ ಬಿಗಿದು ಚರ್ಮ ಕಟ್ಟುತ್ತದೆ, ಒಳಗಿನ ನೀರಿಗೆ ಹೊರಬರಲು ದಾರಿಯೇ ಇರುವುದಿಲ್ಲ. ಕೊಟ್ಟ ಪ್ರತಿ ಮನೆಗೂ ಫೋನ್ ಮಾಡಿ ಎಸೆಯಿರಿ ಎಂದು ಹೇಳಿದೆ. ಅಂದಿನಿಂದ 60 ಡಿಗ್ರಿ ದಾಟಿಲ್ಲ.

ಕೈಗೆ ಅಂಟದಿದ್ದರೆ ಒಣಗಿದೆ ಎಂಬ ಲೆಕ್ಕವನ್ನೂ ಬಿಟ್ಟೆವು. ಈಗ ತೂಕ. ತಿರುಳಿನ ಬ್ರಿಕ್ಸ್, ಅಂದರೆ ಅದರಲ್ಲಿ ಕರಗಿರುವ ಸಕ್ಕರೆ ಮುಂತಾದವು ಶೇಕಡಾ ಎಷ್ಟು ಎಂದು ಅಳೆಯುವ ಚಿಕ್ಕ ರಿಫ್ರಾಕ್ಟೋಮೀಟರ್ ಇದೆ. ನಮ್ಮ ತೋತಾಪುರಿ ಸಾಮಾನ್ಯವಾಗಿ 14ರಿಂದ 16 ತೋರಿಸುತ್ತದೆ. 16 ಇದ್ದರೆ, ನಾರಿಗೆ ಇನ್ನೊಂದು ಸೇರಿಸಿ 17 ಎಂದು ಹಿಡಿಯುತ್ತೇವೆ. 2 ಕೆಜಿ ತಿರುಳಿನಲ್ಲಿ ನೀರು ಬಿಟ್ಟು ಉಳಿಯುವುದು 340 ಗ್ರಾಂ. ಹಾಳೆಯಲ್ಲಿ 15% ತೇವ ಉಳಿಯಬೇಕು ಎಂದರೆ ಅದನ್ನು 0.85ರಿಂದ ಭಾಗಿಸಬೇಕು: 400 ಗ್ರಾಂ. ಟ್ರೇಯ ಖಾಲಿ ತೂಕ ಅದರ ಅಂಚಿಗೆ ಕೊರೆದಿಟ್ಟಿದ್ದೇವೆ. ಒಳಗಿನದು 400ಕ್ಕೆ ಬರುವವರೆಗೆ ಇಳಿಸುವುದಿಲ್ಲ. ಅತ್ತೆಗೆ ಮೊದಲು ಈ ತಕ್ಕಡಿ ಇಷ್ಟವಾಗಲಿಲ್ಲ. ಅವರು ಹಾಳೆಯ ಮೂಲೆ ಹಿಡಿದು ಬೆಳಕಿಗೆ ಎತ್ತಿ ನೋಡಿಯೇ ಹೇಳುತ್ತಿದ್ದರು. ಹತ್ತು ಟ್ರೇ ಅವರೂ ನೋಡಿದರು, ತಕ್ಕಡಿಯೂ ನೋಡಿತು. ಒಂಬತ್ತರಲ್ಲಿ ಇಬ್ಬರ ಮಾತೂ ಒಂದೇ. ಈಗ ಎರಡನ್ನೂ ಇಟ್ಟುಕೊಂಡಿದ್ದೇವೆ.

ಒಂದು ಸ್ಯಾಂಪಲ್ಲನ್ನು ಲ್ಯಾಬಿಗೆ ಕಳಿಸಿ ವಾಟರ್ ಆಕ್ಟಿವಿಟಿ, ಅಂದರೆ ಬೂಷ್ಟಿನಂಥವಕ್ಕೆ ಸಿಗುವ ನೀರಿನ ಅಳತೆ, ನೋಡಿಸಿದೆವು. 0.58 ಬಂತು. 0.6ರ ಕೆಳಗೆ ಬೂಷ್ಟು ಬೆಳೆಯುವುದಿಲ್ಲ. ಆ ಕಾಗದ ಗೋಡೆಗೆ ಅಂಟಿಸಿದ್ದೇವೆ.

ಟ್ರೇಗೆ ಮೊದಲು ತುಪ್ಪ ಸವರುತ್ತಿದ್ದೆವು. ಎರಡು ತಿಂಗಳಾದ ಮೇಲೆ ತುಪ್ಪ ಕಮಟು ಹಿಡಿದು ರುಚಿ ಕೆಟ್ಟಿತು. ಬಟರ್ ಪೇಪರ್ ಹಾಸಿದರೆ ಅದು ತಾಂಡ್ರಕ್ಕೇ ಅಂಟಿಕೊಂಡಿತು. ಈಗ ತೊಳೆದು ಮತ್ತೆ ಬಳಸುವ, ಆಹಾರ ದರ್ಜೆಯ ಸಿಲಿಕೋನ್ ಹಾಳೆ ಹಾಸುತ್ತೇವೆ. ಬೆಲೆ ಜಾಸ್ತಿ, ಆದರೆ ತಾಂಡ್ರ ಬಾಳೆ ಎಲೆಯಿಂದ ದೋಸೆ ಎದ್ದ ಹಾಗೆ ಏಳುತ್ತದೆ.

ಬಣ್ಣ ಉಳಿಯಲು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕುವ ಪದ್ಧತಿ ಇದೆ, ಕಾನೂನಿನ ಮಿತಿಯೊಳಗೆ ಅದು ತಪ್ಪಲ್ಲ. ಆದರೆ ಉಬ್ಬಸ ಇರುವ ಕೆಲವರಿಗೆ ಅದು ಆಗುವುದಿಲ್ಲ, ಮಕ್ಕಳು ತಿನ್ನುವ ತಿಂಡಿಯಲ್ಲಿ ನನಗೆ ಬೇಡವೆನಿಸಿತು. ತಿರುಳು ಬಿಸಿ ಮಾಡುವಾಗ ಸ್ವಲ್ಪ ನಿಂಬೆರಸ ಹಾಕುತ್ತೇವೆ. ಆರು ತಿಂಗಳಲ್ಲಿ ಹಳದಿ ಹಾಳೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ರುಚಿ ಹಾಗೇ ಇರುತ್ತದೆ. ಗಿರಾಕಿ ಕೇಳಿದರೆ ಕಾರಣ ಹೇಳುತ್ತೇವೆ.

ಬೆಲೆಯ ಲೆಕ್ಕ

10 ಕೆಜಿ ಮಚ್ಚೆ ಹಣ್ಣಿನಿಂದ ಕೆಟ್ಟ ಭಾಗ, ಸಿಪ್ಪೆ, ಓಟೆ ಎಲ್ಲಾ ಹೋಗಿ 5 ಕೆಜಿ ತಿರುಳು. 5 ಕೆಜಿ ತಿರುಳಿನಿಂದ 1 ಕೆಜಿ ತಾಂಡ್ರ. ಇದನ್ನು ಮೊದಲು ಬಾಯಿಪಾಠ ಮಾಡಿಕೊಳ್ಳಬೇಕು.

ಹಣ್ಣಿಗೆ ಕೆಜಿಗೆ 10 ರೂಪಾಯಿ ಕೊಟ್ಟೆವು, ಅಂದರೆ ತಾಂಡ್ರದ ಕೆಜಿಗೆ 100. ಕರೆಂಟ್ 6 ಯೂನಿಟ್, 45 ರೂಪಾಯಿ. ಪ್ಯಾಕಿಂಗ್ 60. ಮೂರು ಜನ ಹೆಣ್ಣುಮಕ್ಕಳಿಗೆ ದಿನಕ್ಕೆ 400ರಂತೆ 1,200 ರೂಪಾಯಿ, ದಿನದ ತಾಂಡ್ರ 4.8 ಕೆಜಿ. ಅಲ್ಲಿಗೆ ಕೆಜಿಗೆ 250. ನೋಡಿ, ಖರ್ಚಿನಲ್ಲಿ ದೊಡ್ಡದು ಹಣ್ಣೂ ಅಲ್ಲ, ಕರೆಂಟೂ ಅಲ್ಲ, ಕೈ. ಮಚ್ಚೆ ಹಣ್ಣು ಅಗ್ಗ ಎಂದು ಹೊರಟವರು ಇಲ್ಲೇ ಮುಗ್ಗರಿಸುವುದು. ಒಳ್ಳೆ ಹಣ್ಣನ್ನು ಯಂತ್ರಕ್ಕೆ ಹಾಕಬಹುದು, ಮಚ್ಚೆ ಹಣ್ಣನ್ನು ಮನುಷ್ಯರೇ ನೋಡಬೇಕು.

ಒಟ್ಟು 455. ನಾವು 20 ಗ್ರಾಂ ಪ್ಯಾಕನ್ನು 20 ರೂಪಾಯಿಗೆ ಮಾರುತ್ತೇವೆ. ಕೆಜಿಗೆ 1,000, ಅಂಗಡಿಯವರ 30% ಕಳೆದರೆ 700. ಉಳಿಯುವ 245ರಲ್ಲಿ ಫ್ರೀಜರ್ ಬಿಲ್ಲು, ಸಾಗಣೆ, ಕೆಟ್ಟುಹೋಗುವ ಪಾಲು, ಸಾಲದ ಕಂತು. ಕೈಗೆ ಬಂದದ್ದು ಏನೂ ಇಲ್ಲ ಅನ್ನುವಷ್ಟು ಕಮ್ಮಿ.

ಅದೇ ಮೂರು ಜನ ದಿನಕ್ಕೆ ಎರಡು ಪಟ್ಟು ಹಣ್ಣು ಕೊಯ್ಯಬಲ್ಲರು, ಡ್ರೈಯರ್ ಸಾಲುತ್ತಿರಲಿಲ್ಲ ಅಷ್ಟೇ. ಹಾಗಾಗಿ ಜನವರಿಯಲ್ಲಿ ತಾರಸಿಯ ಮೇಲೆ ಪಾಲಿಕಾರ್ಬೊನೇಟ್ ಹಾಳೆಯ ಸೋಲಾರ್ ಗೂಡು ಕಟ್ಟಿದೆವು, 6 ಚದರ ಮೀಟರ್, ಒಂದು ತುದಿಯಲ್ಲಿ ಎರಡು ಚಿಕ್ಕ ಫ್ಯಾನ್. ಬಿಸಿಲಿನ ದಿನ ಪ್ರತಿ ಚದರ ಮೀಟರ್ ಸುಮಾರು 2 ಕೆಜಿ ನೀರು ಎಳೆಯುತ್ತದೆ. ಒಂದು ತಂಡದ ಟ್ರೇ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿಗೆ ಹೋಗುತ್ತವೆ. ಸಂಜೆಗೆ ಅರ್ಧಕ್ಕಿಂತ ಜಾಸ್ತಿ ನೀರು ಹೋಗಿರುತ್ತದೆ. ಉಳಿದದ್ದನ್ನು ರಾತ್ರಿ ಕರೆಂಟ್ ಡ್ರೈಯರ್‌ನಲ್ಲಿ ಆರೇಳು ಗಂಟೆಯಲ್ಲಿ ಮುಗಿಸುತ್ತೇವೆ. ಪಪ್ಪಾಯಿ, ಸೀಬೆ ಹಾಕಿ ಇದನ್ನು ಪರೀಕ್ಷೆ ಮಾಡಿದೆವು. ಸೀಬೆಯ ಬೀಜ ಸೋಸುವುದು ದೊಡ್ಡ ಕೆಲಸ, ಪಪ್ಪಾಯಿ ಒಂಟಿಯಾಗಿ ಸಪ್ಪೆ. ಮಾವಿನ ಜೊತೆ ಮೂರನೇ ಒಂದು ಪಾಲು ಪಪ್ಪಾಯಿ ಸೇರಿದರೆ ಚೆನ್ನಾಗಿದೆ.

ಮೋಡದ ದಿನ ಗೂಡಿಗೆ ಹೊಸ ಟ್ರೇ ಇಡುವುದಿಲ್ಲ. ಅರ್ಧ ಒಣಗಿ ನಿಂತದ್ದು ಹುಳಿಯುವುದಕ್ಕಿಂತ ತಿರುಳು ಫ್ರೀಜರ್‌ನಲ್ಲೇ ಇರಲಿ.

ಕೂಲಿ ಕೆಜಿಗೆ 125ಕ್ಕೆ ಇಳಿಯುತ್ತದೆ. ಆ ಉಳಿತಾಯದಲ್ಲಿ ಮೊದಲ ಪಾಲು ಹಣ್ಣಿಗೆ ಎಂದು ತೀರ್ಮಾನಿಸಿದ್ದೇವೆ. ಈ ವರ್ಷ ಮಚ್ಚೆ ಹಣ್ಣಿಗೆ ಕೆಜಿಗೆ 14 ರೂಪಾಯಿ.

ಲೇಬಲ್

ನಾವು ಮಾಡಿಸಿದಾಗ ವರ್ಷದ ವಹಿವಾಟು 12 ಲಕ್ಷದ ಒಳಗಿದ್ದವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಕಿರು ಆಹಾರ ಉದ್ಯಮಗಳಿಗೆಂದು 2020ರಲ್ಲಿ ಬಂದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಆಗ ಯೋಜನಾ ವೆಚ್ಚದ 35% ಸಹಾಯಧನ ಇತ್ತು, ಕರ್ನಾಟಕ ಅದಕ್ಕೆ ತನ್ನ 15% ಸೇರಿಸುತ್ತಿತ್ತು. ಅದು ಸಾಲದ ಜೊತೆ ಬರುವ ಹಣ, ಮೊದಲು ಬ್ಯಾಂಕ್ ಒಪ್ಪಬೇಕಿತ್ತು. ನಾವು ಡ್ರೈಯರ್ ಕಟ್ಟಿದ ಮೇಲೆ ಇದನ್ನು ತಿಳಿದುಕೊಂಡೆವು. ನೀವು ಕಟ್ಟುವ ಮೊದಲೇ ಈಗ ಏನಿದೆ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಹಣ್ಣಿನ ಬಾರ್‌ಗಳ ಮೇಲೆ ಬಹಳ ಕೆಲಸ ಮಾಡಿದೆ, ಅದನ್ನೂ ಮೊದಲೇ ನೋಡಿದ್ದರೆ ಸೆಪ್ಟೆಂಬರ್‌ನ ಬೂಷ್ಟು ತಪ್ಪುತ್ತಿತ್ತು.

ಲೇಬಲ್ ಮೇಲೆ ಏನು ಬರೆಯಬೇಕು ಎಂದು ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. "ಶುಗರ್ ಇರೋರಿಗೂ ಒಳ್ಳೇದು ಅಂತ ಹಾಕಿ, ಚೆನ್ನಾಗಿ ಓಡುತ್ತೆ" ಎಂದು ಸಲಹೆ ಕೊಟ್ಟವರಿದ್ದರು. ನಾನು ಒಪ್ಪಲಿಲ್ಲ. ನಾವು ಸಕ್ಕರೆ ಹಾಕುವುದಿಲ್ಲ, ನಿಜ. ಆದರೆ ನೀರು ಹೋದ ಮೇಲೆ ಹಣ್ಣಿನದೇ ಸಕ್ಕರೆ ಒತ್ತಾಗಿ ಉಳಿಯುತ್ತದೆ. 20 ಗ್ರಾಂ ಹಾಳೆಯಲ್ಲಿ ಸುಮಾರು 13ರಿಂದ 14 ಗ್ರಾಂ, ಅಂದರೆ ಮೂರು ಚಿಕ್ಕ ಚಮಚದಷ್ಟು. ಬಣ್ಣದ ಮಿಠಾಯಿಗಿಂತ ಇದು ಮಕ್ಕಳಿಗೆ ಖಂಡಿತ ಒಳ್ಳೆಯದು: ಹಣ್ಣಿದೆ, ನಾರಿದೆ, ಬಣ್ಣ ಇಲ್ಲ. ಆದರೆ ಔಷಧಿ ಅಲ್ಲ. "ಸಕ್ಕರೆ ಸೇರಿಸಿಲ್ಲ. ಹಣ್ಣಿನ ಸಹಜ ಸಕ್ಕರೆ ಇದೆ" ಎಂದು ಎರಡೂ ಸಾಲನ್ನು ಒಂದೇ ಅಳತೆಯ ಅಕ್ಷರದಲ್ಲಿ ಹಾಕಿದ್ದೇವೆ. ಪ್ಯಾಕ್ 20 ಗ್ರಾಂ ದಾಟದಿರುವುದಕ್ಕೂ ಅದೇ ಕಾರಣ.

ಈಗ

ಮೊನ್ನೆ ಬೀಸಿದ ಗಾಳಿಗೆ ಕಾಯಿ ಬಿತ್ತು. ಬಲಿಯುವ ಮೊದಲೇ ಬಿದ್ದ ಕಾಯಿ ಹಣ್ಣಾಗುವುದಿಲ್ಲ, ಇಟ್ಟರೆ ಸುಕ್ಕಾಗುತ್ತದೆ, ತಾಂಡ್ರಕ್ಕೆ ಬರುವುದಿಲ್ಲ. ಅದಕ್ಕೆ ಬೇರೆ ದಾರಿ ಮಾಡಿದ್ದೇವೆ. ಸಿಪ್ಪೆ ತೆಗೆದು ತೆಳ್ಳಗೆ ಸೀಳಿ, ಉಪ್ಪು ಅರಿಶಿನ ಬೆರೆಸಿ ಒಂದು ಗಂಟೆ ನೀರಿಳಿಸಿ, ಖಾರದ ಪುಡಿ ಸವರಿ ಎಂಟು ಗಂಟೆ ಒಣಗಿಸುವುದು. ಉಪ್ಪು ಮೊದಲ ಸಲ ಜಾಸ್ತಿಯಾಗಿತ್ತು. ಒಣಗಿದ ಮೇಲೆ ಉಪ್ಪೂ ಒತ್ತಾಗುತ್ತದೆ ಎಂಬುದನ್ನು ಮರೆತಿದ್ದೆವು. ಈಗ ಅರ್ಧಕ್ಕೆ ಇಳಿಸಿದ್ದೇವೆ.

ಕಳೆದ ವರ್ಷ ಗುಂಡಿಗೆ ಸುರಿದ ಅಣ್ಣ ಇವತ್ತು ಬೆಳಿಗ್ಗೆ ಆರು ಗಂಟೆಗೇ ಬಂದರು. ಟ್ರಾಕ್ಟರ್‌ನಲ್ಲಿ ರಾಶಿ ಹಾಕಿಕೊಂಡಲ್ಲ, ಹನ್ನೊಂದು ಕ್ರೇಟ್‌ನಲ್ಲಿ ಜೋಡಿಸಿಕೊಂಡು. "ನೋಡಕ್ಕ, ಒಡೆದಿದ್ದು ಬೇರೆ, ಒಡೆಯದ್ದು ಬೇರೆ ಇಟ್ಟಿದೀನಿ" ಅಂದರು. ತೂಕ ಹಾಕಿದೆವು, 212 ಕೆಜಿ. ಹುಳದ್ದೆಂದು ಆಚೆ ಹೋದದ್ದು ಬರೀ 9.

ಬೇನಿಷಾ ಮಾವು ಬರುವುದಕ್ಕೆ ಇನ್ನು ಮೂರು ವಾರ ಇದೆ, ಅದರ ಹಿಂದೆಯೇ ತೋತಾಪುರಿ. ಅಷ್ಟರಲ್ಲಿ ಎರಡನೇ ಫ್ರೀಜರ್ ಕೂರಬೇಕು. ಅದಕ್ಕೆ ಮೀಟರ್ ಬೋರ್ಡಿನಿಂದ ಬೇರೆ ಲೈನು ಎಳೆಯಬೇಕು, ಹಳೇ ವೈರು ಎರಡನ್ನೂ ತಾಳುವುದಿಲ್ಲ. ಎಲೆಕ್ಟ್ರಿಷಿಯನ್ ನಾಳೆ ಹತ್ತಕ್ಕೆ ಬರುತ್ತೇನೆ ಎಂದಿದ್ದಾರೆ.